ಸತ್ತ ಮೀನಿನ ಕಣ್ಣಿನಂತೆ

ಪತ್ರಿಕೆಯ ಡೆಸ್ಕಿಗೆ ಸೇರಿದ ಮೊದಲ ವಾರ ಹಿರಿಯ ಉಪಸಂಪಾದಕರೊಬ್ಬರು ನನ್ನ ಕೈಗೆ ಒಂದು ಹಾಳೆ ಕೊಟ್ಟಿದ್ದರು. ವರದಿಗಳಲ್ಲಿ ಕಂಡರೆ ಹೊಡೆದುಹಾಕಬೇಕಾದ ಮಾತುಗಳ ಪಟ್ಟಿ ಅದು. ಮುಗಿಲು ಮುಟ್ಟಿದ ಆಕ್ರಂದನ. ಯಮಸ್ವರೂಪಿಯಾಗಿ ಬಂದ ಲಾರಿ. ಬೆಂಕಿಯ ರುದ್ರನರ್ತನ. ಕಣ್ಣೀರ ಕೋಡಿ. ಅಳು ಮುಗಿಲು ಮುಟ್ಟಿದ್ದನ್ನು ಯಾರು ಅಳತೆ ಮಾಡಿದರು ಎಂದು ಅವರು ಕೇಳುತ್ತಿದ್ದರು. ಲಾರಿಗೆ ನಂಬರ್ ಇರುತ್ತದೆ, ಯಮನಿಗಿರುವುದಿಲ್ಲ, ನಂಬರ್ ಬರೆಯಿರಿ ಎನ್ನುತ್ತಿದ್ದರು. ಅವರು ನಿವೃತ್ತರಾಗಿ ಬಹಳ ವರ್ಷಗಳಾದವು. ಆ ಹಾಳೆ ಈಗಲೂ ನನ್ನ ಮೇಜಿನ ಖಾನೆಯಲ್ಲಿದೆ. ಆದರೆ ಅದನ್ನು ತೆಗೆದು ನೋಡಬೇಕಾಗಿಲ್ಲ. ಅಪಘಾತದ ಸುದ್ದಿಯಲ್ಲಿ ಅಲಂಕಾರ ಕಂಡರೆ ನನ್ನ ಬೆರಳು ನನಗಿಂತ ಮೊದಲು ಅದನ್ನು ಅಳಿಸಿರುತ್ತದೆ.

ಇದೇ ಅಲಂಕಾರಗಳನ್ನು ನಾನು ಪ್ರತಿ ಭಾನುವಾರ ಬೆಳಿಗ್ಗೆ ಅಕ್ಕನ ಮಗಳಿಗೆ ಪಾಠ ಹೇಳುತ್ತಿದ್ದೆ. ಅಕ್ಕನ ಮನೆ ಇರುವುದು ಪೀಣ್ಯದಲ್ಲಿ, ಕೈಗಾರಿಕಾ ಬಡಾವಣೆಯ ಹಿಂದಿನ ಬೀದಿಯಲ್ಲಿ. ಅಕ್ಕ ಗಾರ್ಮೆಂಟ್ಸಿಗೆ ಹೋಗುತ್ತಾಳೆ. ಭಾವ ಜೀನ್ಸ್ ಬಟ್ಟೆ ತೊಳೆದು ಬಣ್ಣ ಇಳಿಸುವ ಒಂದು ಘಟಕದಲ್ಲಿ ಬಾಯ್ಲರ್ ನೋಡಿಕೊಳ್ಳುತ್ತಾರೆ. ಸೌದೆ ಹಾಕಿ ಹಬೆ ಎಬ್ಬಿಸುವ ಬಾಯ್ಲರ್ ಅದು. ಅವರ ಮಗಳು ಹತ್ತನೇ ತರಗತಿ. ಪರೀಕ್ಷೆಯಲ್ಲಿ ಮೂರು ಅಂಕಕ್ಕೆ ಒಂದು ಪ್ರಶ್ನೆ ಬರುತ್ತದೆ: ಈ ವಾಕ್ಯದಲ್ಲಿರುವ ಅಲಂಕಾರವನ್ನು ಹೆಸರಿಸಿ ಸಮನ್ವಯಗೊಳಿಸಿ.

ನಾನು ಕಲಿಸುತ್ತಿದ್ದ ಕ್ರಮ ಇದು. ಯಾವುದನ್ನು ವರ್ಣಿಸುತ್ತಿದ್ದೇವೋ ಅದು ಉಪಮೇಯ. ಯಾವುದಕ್ಕೆ ಹೋಲಿಸುತ್ತೇವೋ ಅದು ಉಪಮಾನ. ‘ಅಂತೆ’, ‘ಹಾಗೆ’ ಎಂಬ ಮಾತು ಉಪಮಾವಾಚಕ. ಎರಡರಲ್ಲೂ ಇರುವ ಒಂದೇ ಗುಣ ಸಮಾನಧರ್ಮ. ಈ ನಾಲ್ಕೂ ಕೂಡಿದರೆ ಉಪಮಾಲಂಕಾರ. ‘ಅಂತೆ’ ಬಿಟ್ಟು ಇದೇ ಅದು ಎಂದುಬಿಟ್ಟರೆ ರೂಪಕ. ಇದು ಅದೇ ಇರಬಹುದೇನೋ ಎಂದು ಕಲ್ಪಿಸಿದರೆ ಉತ್ಪ್ರೇಕ್ಷೆ. ಒಂದು ಮಾತನ್ನು ಹೇಳಿ, ಅದರ ಪ್ರತಿಬಿಂಬದಂಥ ಇನ್ನೊಂದು ಮಾತನ್ನು ಪಕ್ಕದಲ್ಲಿಟ್ಟರೆ ದೃಷ್ಟಾಂತ. ಇವೆಲ್ಲದರಲ್ಲಿ ಸಮಾನಧರ್ಮ ಹುಡುಕುವುದೇ ಕಷ್ಟ, ಅದು ತಪ್ಪಿದರೆ ಅಂಕ ಹೋಯಿತು ಎಂದು ಪ್ರತಿ ವಾರವೂ ಹೇಳುತ್ತಿದ್ದೆ.

ಒಂದು ಭಾನುವಾರಕ್ಕೆ ಹುಡುಗಿಯ ಕನ್ನಡ ಮೇಷ್ಟರು ಒಂದು ಕೆಲಸ ಕೊಟ್ಟಿದ್ದರು. ಗೈಡಿನಿಂದ ನಕಲು ಮಾಡಬಾರದು, ಮನೆಯಲ್ಲಿ ಜನ ಆಡುವ ಮಾತಿನಿಂದಲೇ ಮೂರು ಉದಾಹರಣೆ ತರಬೇಕು. ಭಾವ ನೆಲದ ಮೇಲೆ ಕೂತು, ನೆನೆಹಾಕಿದ ಅವರೆಕಾಳನ್ನು ಹಿದುಕುತ್ತಿದ್ದರು. ಮಗಳು ನೋಟ್‌ಬುಕ್ ಹಿಡಿದು ಅವರ ಮುಂದೆ ಕೂತಳು.

ಮೊದಲನೆಯದನ್ನು ಅವರು ಯೋಚಿಸದೆ ಕೊಟ್ಟರು. "ನಮ್ ಸೂಪರ್‌ವೈಸರ್ ಮುಖ ನೆನ್ನೆ ಇಡ್ಲಿ ಇದ್ದಂಗೈತೆ. ಬರ್ಕೋ." ಸಮಾನಧರ್ಮ ಏನು ಎಂದು ನಾನು ಕೇಳಿದೆ. ಗಟ್ಟಿ ಎಂದಳು ಹುಡುಗಿ. ಸರಿ ಹಾಕಿದೆ.

ಎರಡನೆಯದು ರೂಪಕ. "ಬಾಯ್ಲರ್ ಅಂದ್ರೆ ನಮ್ಮತ್ತೆ. ಹೊಟ್ಟೆಗೆ ಆಕ್ತಾನೇ ಇರ್ಬೇಕು, ಒಳಗೆ ಉರೀತಾನೇ ಇರ್ತದೆ." ಅವರ ಅತ್ತೆ ಎಂದರೆ ನನ್ನ ತಾಯಿ. "ಅಮ್ಮ ಬರಲಿ, ಈ ಉದಾಹರಣೆಯನ್ನ ಅವಳ ಮುಂದೆಯೇ ಓದಿಸ್ತೀನಿ," ಎಂದಳು ಅಡುಗೆಮನೆಯಿಂದ ಅಕ್ಕ. ಅದಕ್ಕೂ ಸರಿ ಹಾಕಿದೆ.

ಮೂರನೆಯದಕ್ಕೆ ಭಾವ ಸ್ವಲ್ಪ ಹೊತ್ತು ತೆಗೆದುಕೊಂಡರು. ಕೈಯಲ್ಲಿದ್ದ ಕಾಳನ್ನು ಹಿದುಕಿ, ಸಿಪ್ಪೆ ಬಿಸಾಕಿ, ಹೇಳಿದರು. "ಬಾಯ್ಲರ್ ಗಾಜಲ್ಲಿ ನೀರು ಸತ್ತ ಮೀನಿನ ಕಣ್ಣಿದ್ದಂಗೆ ನಿಂತೈತೆ."

ಬಾಯ್ಲರಿನ ಮೈಗೆ ಗಾಜಿನ ಒಂದು ಉದ್ದನೆಯ ನಳಿಕೆ ಕೂಡಿಸಿರುತ್ತಾರೆ. ಒಳಗೆ ನೀರು ಎಷ್ಟಿದೆ ಎಂದು ಹೊರಗಿನಿಂದ ನೋಡುವುದಕ್ಕೆ ಇರುವ ದಾರಿ ಅದು. ಅಷ್ಟು ನನಗೆ ಗೊತ್ತಿತ್ತು. ಹುಡುಗಿ ಬರೆದುಕೊಂಡಳು: ಉಪಮೇಯ ನೀರು, ಉಪಮಾನ ಸತ್ತ ಮೀನಿನ ಕಣ್ಣು, ಸಮಾನಧರ್ಮ ಕದಲದಿರುವುದು. ನಾನು ಕೆಂಪು ಪೆನ್ನಿನಲ್ಲಿ ಅಡ್ಡಗೆರೆ ಎಳೆದೆ. ನೀರು ಎಂದರೆ ಚಂಚಲ, ಅದರಲ್ಲೂ ಕುದಿಯುವ ನೀರು. ಕದಲದಿರುವುದು ಅದರ ಗುಣವಲ್ಲ, ಆದ್ದರಿಂದ ಸಮಾನಧರ್ಮ ಕೂಡುವುದಿಲ್ಲ, ಮೇಷ್ಟರು ಅಂಕ ಕತ್ತರಿಸುತ್ತಾರೆ ಎಂದು ವಿವರಿಸಿದೆ.

ಭಾವ ತಲೆಯೆತ್ತಿ ನನ್ನನ್ನು ನೋಡಿದರು. "ಇದ್ದಿದ್ ಏಳ್ದೆ ಕಣೋ. ನೀನು ಬೇಕಾದ್ರೆ ಒಡ್ದಾಕು."

ಹುಡುಗಿ ಅದರ ಬದಲು ಅವರೆಕಾಳಿನ ಮೇಲೆ ಒಂದು ವಾಕ್ಯ ಬರೆದಳು. ಊಟ ಮಾಡಿ ನಾನು ಮನೆಗೆ ಬಂದೆ.

ಬುಧವಾರ ನನಗೆ ಹಗಲು ಪಾಳಿ. ಹನ್ನೊಂದು ಗಂಟೆ ನಲವತ್ತು ನಿಮಿಷಕ್ಕೆ ದೂರದ ಜಿಲ್ಲೆಯೊಂದರ ವರದಿ ನನ್ನ ಪರದೆಗೆ ಬಂತು. ಅಕ್ಕಿ ಗಿರಣಿಯೊಂದರಲ್ಲಿ ಬಾಯ್ಲರ್ ಸಿಡಿದಿತ್ತು. ಪಾಳಿಯಲ್ಲಿದ್ದ ಕೆಲಸಗಾರರು ಸತ್ತಿದ್ದರು. ಆ ಹೊತ್ತಿಗೆ ಹೊರಗೆ ಹೋಗಿ ಮೂಟೆ ಎಣಿಸುತ್ತಿದ್ದ ಒಬ್ಬ ಉಳಿದಿದ್ದ. ಮೊದಲ ಸಾಲಿನಲ್ಲೇ ‘ಯಮರೂಪಿ ಬಾಯ್ಲರ್’ ಎಂದಿತ್ತು. ಹೊಡೆದೆ. ಮೂರನೇ ಪ್ಯಾರಾದಲ್ಲಿ ಆಕ್ರಂದನ ಮುಗಿಲು ಮುಟ್ಟಿತ್ತು. ಹೊಡೆದೆ. ಕೊನೆಯ ಪ್ಯಾರಾದಲ್ಲಿ ಉಳಿದುಕೊಂಡವನ ಹೇಳಿಕೆ ಇತ್ತು. ‘ನಾಲ್ಕು ದಿನದಿಂದ ಗಾಜಿನಲ್ಲಿ ನೀರು ಹೆಪ್ಪುಗಟ್ಟಿದ ತುಪ್ಪದಂತೆ ನಿಂತಿತ್ತು ಎಂದು ಅವರು ತಿಳಿಸಿದರು.’

‘ಹೆಪ್ಪುಗಟ್ಟಿದ ತುಪ್ಪದಂತೆ’ ಎಂಬಷ್ಟನ್ನು ನಾನು ಆಗಲೇ ಗುರುತು ಮಾಡಿದ್ದೆ. ಬೆರಳು ಅಳಿಸುವ ಗುಂಡಿಯ ಮೇಲಿತ್ತು. ಅಲ್ಲಿಯೇ ನಿಂತಿತು.

ಇಬ್ಬರು ಮನುಷ್ಯರು. ಒಬ್ಬರನ್ನೊಬ್ಬರು ಕಂಡವರಲ್ಲ. ಒಬ್ಬ ತುಪ್ಪ ಎಂದ, ಒಬ್ಬರು ಮೀನಿನ ಕಣ್ಣು ಎಂದರು. ಉಪಮಾನ ಎರಡು, ಸಮಾನಧರ್ಮ ಒಂದೇ. ಅವರಿಬ್ಬರೂ ಏನನ್ನೂ ಕಲ್ಪಿಸಿ ಹೇಳಿರಲಿಲ್ಲ. ಕಂಡದ್ದನ್ನು ಹೇಳಿದ್ದರು.

ಖಚಿತಪಡಿಸಿಕೊಳ್ಳದೆ ಏನೂ ಮಾಡಬಾರದು ಎಂಬ ಅಭ್ಯಾಸ ಆಗಲೂ ಕೈಬಿಡಲಿಲ್ಲ. ಡೆಸ್ಕಿನ ಡೈರಿಯಲ್ಲಿ ನಿವೃತ್ತ ಬಾಯ್ಲರ್ ಇನ್‌ಸ್ಪೆಕ್ಟರ್ ಒಬ್ಬರ ನಂಬರ್ ಇತ್ತು. ಗಿರಣಿಯ ಸುದ್ದಿಗೆ ವಿವರ ಕೇಳುವವನಂತೆ ಮಾತು ಶುರು ಮಾಡಿ, ಭಾವನ ವಾಕ್ಯವನ್ನು ಇದ್ದ ಹಾಗೆಯೇ ಓದಿ ಹೇಳಿದೆ. ಅವರು ನಗಲಿಲ್ಲ. ಹಬೆ ಏಳುತ್ತಿರುವ ಬಾಯ್ಲರಿನ ಗಾಜಿನಲ್ಲಿ ನೀರು ಸದಾ ಸ್ವಲ್ಪ ಮೇಲೆ ಕೆಳಗೆ ಆಡುತ್ತಿರಬೇಕು ಎಂದರು. ಆಡುತ್ತಿಲ್ಲ ಎಂದರೆ ನಳಿಕೆಯ ದಾರಿ ಕಟ್ಟಿದೆ. ಕಾಣುವ ನೀರು ಎಂದೋ ಒಳಗೆ ಸಿಕ್ಕಿಕೊಂಡ ನೀರು. ಬಾಯ್ಲರಿನ ಹೊಟ್ಟೆಯಲ್ಲಿ ಎಷ್ಟಿದೆ ಎಂಬುದನ್ನು ಅದು ಹೇಳುವುದಿಲ್ಲ. ಒಳಗೆ ನೀರು ಇಳಿದು ಕೊಳವೆಗಳು ಕಾದಿದ್ದರೆ ಆಮೇಲೆ ಸಮಯ ಇರುವುದಿಲ್ಲ. ನಾನು ಕೇಳುತ್ತಿರುವುದು ಗಿರಣಿಯ ಬಗ್ಗೆ ಅಲ್ಲ ಎಂದು ಅವರಿಗೆ ಅಷ್ಟರಲ್ಲಿ ತಿಳಿದಿತ್ತು.

"ಒಲೆಯಿಂದ ಬೆಂಕಿ ಹೊರಗೆ ಎಳೀಲಿಕ್ಕೆ ಹೇಳಿ. ಗಾಬರಿಯಾಗಿ ತಣ್ಣೀರು ಮಾತ್ರ ಒಳಗೆ ಬಿಡಬೇಡಿ. ಕಾದಿದ್ರೆ ಅದರಿಂದಲೇ ಸಿಡಿಯುತ್ತೆ."

ಭಾವನಿಗೆ ಫೋನ್ ಮಾಡಿದೆ. ಬಡಿದುಕೊಂಡು ನಿಂತಿತು. ಬೆಳಿಗ್ಗೆ ಆರರಿಂದ ಮಧ್ಯಾಹ್ನ ಎರಡರವರೆಗೆ ಅವರ ಪಾಳಿ, ಅಷ್ಟು ಹೊತ್ತೂ ಫೋನ್ ಗೇಟಿನ ಲಾಕರಿನಲ್ಲಿ. ಅಕ್ಕನದೂ ಅವಳ ಗಾರ್ಮೆಂಟ್ಸಿನ ಲಾಕರಿನಲ್ಲಿ. ಹುಡುಗಿ ಶಾಲೆಯಲ್ಲಿ. ಘಟಕದ ಕಚೇರಿಯ ನಂಬರ್ ಹುಡುಕಿ ಮಾಡಿದೆ. ಎತ್ತಿದವರು, ಪಾಳಿ ನಡುವೆ ಯಾರನ್ನೂ ಕರೆಯುವ ಹಾಗಿಲ್ಲ, ವಿಷಯ ಏನು ಹೇಳಿ ಎಂದರು. ಬಾಯ್ಲರ್ ಅಪಾಯದಲ್ಲಿದೆ ಎಂದೆ. ನೀವು ಯಾರು ಎಂದರು. ಪತ್ರಿಕೆಯ ಹೆಸರು ಹೇಳಿದೆ. ಫೋನ್ ಇಟ್ಟುಬಿಟ್ಟರು.

ಡೆಸ್ಕಿನಲ್ಲಿ ಪಕ್ಕದವರಿಗೆ ಗಿರಣಿಯ ಸುದ್ದಿ ಒಪ್ಪಿಸಿ ಹೊರಟೆ. ಮೆಜೆಸ್ಟಿಕ್ಕಿನಲ್ಲಿ ಹಸಿರು ಮಾರ್ಗದ ಮೆಟ್ರೊ ಹಿಡಿದೆ. ರೈಲು ನೆಲದೊಳಗಿಂದ ಮೇಲೆ ಹತ್ತಿದ ಮೇಲೆ ಬಾಗಿಲ ಪಕ್ಕ ನಿಂತು ಉತ್ತರದ ಕಡೆ ನೋಡುತ್ತಿದ್ದೆ. ಯಶವಂತಪುರ ದಾಟಿತು. ಗೊರಗುಂಟೆಪಾಳ್ಯ ದಾಟಿತು. ಶೀಟು ಹೊದೆಸಿದ ಶೆಡ್ಡುಗಳು, ನಡುನಡುವೆ ಚಿಮಣಿಗಳು. ಪ್ರತಿ ಚಿಮಣಿಯಿಂದಲೂ ಹೊಗೆ ಬರುತ್ತಿತ್ತು. ಯಾವ ಹೊಗೆ ದಿನದ ಹೊಗೆ, ಯಾವುದು ಅಲ್ಲ ಎಂದು ತಿಳಿಯುವ ಬಗೆ ನನಗೆ ಗೊತ್ತಿರಲಿಲ್ಲ. ಎಲ್ಲೋ ಆಂಬುಲೆನ್ಸ್ ಕೂಗಿತು. ಅದು ಯಾವ ದಿಕ್ಕಿಗೆ ಹೋಗುತ್ತಿದೆ ಎಂದು ನಿಲ್ದಾಣ ಬರುವವರೆಗೂ ಕೇಳುತ್ತಿದ್ದೆ. ಎದುರು ಕೂತಿದ್ದ ಹೆಂಗಸು ಸೀಟು ಬೇಕಾ ಅಣ್ಣ ಎಂದರು. ಬೇಡ ಎಂದು ತಲೆಯಾಡಿಸಿದೆ.

ಅಪಘಾತದ ಸುದ್ದಿಯಲ್ಲಿ ‘ಮೃತರ ಸಂಬಂಧಿಕರು ಸ್ಥಳಕ್ಕೆ ಧಾವಿಸಿದರು’ ಎಂದು ಎಷ್ಟು ಸಲ ಅಚ್ಚಿಗೆ ಕಳಿಸಿದ್ದೇನೋ ಲೆಕ್ಕವಿಲ್ಲ. ಧಾವಿಸುವುದು ಎಂದರೆ ಮೆಟ್ರೊದ ಬಾಗಿಲು ತೆರೆಯುವುದನ್ನು ಕಾಯುವುದು ಎಂದು ಅವತ್ತು ತಿಳಿಯಿತು.

ಗೇಟು ತಲುಪಿದಾಗ ಹನ್ನೆರಡೂ ಮುಕ್ಕಾಲು. ಶೆಡ್ಡು ಇದ್ದ ಹಾಗೆಯೇ ನಿಂತಿತ್ತು. ಒಳಗೆ ತೊಳೆಯುವ ಯಂತ್ರಗಳು ತಿರುಗುತ್ತಿದ್ದವು. ವಾಚ್‌ಮನ್ ಪಾಸ್ ಕೇಳಿದ. ಇಲ್ಲ ಎಂದೆ. ಮನೆಯಲ್ಲಿ ಸಾವು ಅಂದಿದ್ದರೆ ಭಾವನನ್ನು ಕರೆಯುತ್ತಿದ್ದನೇನೋ. ಆ ಸುಳ್ಳು ನಾಲಿಗೆಗೆ ಬಂತು. ಅವತ್ತು ಅದನ್ನು ಹೇಳಲು ಹೆದರಿಕೆಯಾಯಿತು. ಸೂಪರ್‌ವೈಸರನ್ನು ಕರೆಯಿರಿ ಎಂದು ಮಾತ್ರ ಕೇಳಿದೆ.

ಬಂದವರ ಮುಖ ನೋಡಿದ ಕೂಡಲೇ ಗುರುತು ಸಿಕ್ಕಿತು. ಭಾವನ ಹೋಲಿಕೆಯಲ್ಲಿ ತಪ್ಪಿರಲಿಲ್ಲ. ಅವರ ಕೈಯಲ್ಲಿ ಬಾಯ್ಲರಿನ ಲಾಗ್ ಪುಸ್ತಕವೂ ಇತ್ತು. ಫೋನ್ ಮಾಡಿದ ಪೇಪರಿನವರು ಬಂದಿದ್ದಾರೆ ಎಂದು ಸಿದ್ಧವಾಗಿಯೇ ಬಂದಿದ್ದರು.

ಬಾಯ್ಲರ್ ನೋಡಿಕೊಳ್ಳುವವರು ನನ್ನ ಭಾವ ಎಂದು ತಿಳಿಸಿ, ಅವರ ಮಾತನ್ನೇ ಹೇಳಿದೆ. ಗಾಜಿನಲ್ಲಿ ನೀರು ಸತ್ತ ಮೀನಿನ ಕಣ್ಣಿನ ಹಾಗೆ ನಿಂತಿದೆಯಂತೆ.

"ಬಾಯ್ಲರ್ ರೂಮಲ್ಲಿ ನಾವು ಮೀನು ಸಾಕಿಲ್ಲ ಸಾರ್," ಎಂದರು ಅವರು. ವಾಚ್‌ಮನ್ ನಕ್ಕ.

ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ. ಮೂರು ದಿನದ ಹಿಂದೆ ಅದನ್ನೇ ಮಾಡಿದ್ದೆ. ಆದ್ದರಿಂದ ಮೀನನ್ನು ಬಿಟ್ಟು ಸಮಾನಧರ್ಮವನ್ನಷ್ಟೇ ಹೇಳಿದೆ. ಗಾಜಿನ ನೀರು ಅಲ್ಲಾಡುತ್ತಿದೆಯೋ ಇಲ್ಲವೋ, ಅದೊಂದನ್ನು ನೋಡಿ ಬನ್ನಿ.

ಅವರು ಪುಸ್ತಕ ಬಿಡಿಸಿ ನನ್ನ ಮುಂದೆ ಹಿಡಿದರು. ಗಂಟೆಗೊಂದು ಸಾಲು. ಹಬೆಯ ಒತ್ತಡ, ನೀರಿನ ಮಟ್ಟ, ಸಹಿ. ಎಲ್ಲ ಸರಿಯಾಗಿ ಬರೆದಿದೆ ನೋಡಿ, ನಿಮ್ಮವರದೇ ಸಹಿ ಎಂದರು. ನಾನು ನೋಡಿದೆ. ಅಂಕಿಗಳನ್ನು ನೋಡುವುದು ನನ್ನ ಕೆಲಸ. ಒತ್ತಡದ ಅಂಕಣದಲ್ಲಿ ಅಂಕಿಗಳು ಏರಿ ಇಳಿಯುತ್ತಿದ್ದವು. ನೀರಿನ ಅಂಕಣದಲ್ಲಿ ಅರ್ಧ, ಅರ್ಧ, ಅರ್ಧ. ಹಾಳೆ ತಿರುಗಿಸಿದೆ. ಹಿಂದಿನ ದಿನವೂ ಅರ್ಧ. ಅದರ ಹಿಂದಿನ ದಿನವೂ. ಯಾವುದೇ ವರದಿಯಲ್ಲಿ ಅಂಕಿ ಇಷ್ಟು ಒಂದೇ ಸಮ ಇದ್ದರೆ ಅಲ್ಲಿ ಯಾರೂ ಅಳೆದಿಲ್ಲ ಎಂದರ್ಥ, ಇಲ್ಲವೇ ಅಳೆಯುವ ಕೋಲು ಮುರಿದಿದೆ ಎಂದರ್ಥ. ಪಕ್ಕದಲ್ಲಿ ‘ಷರಾ’ ಎಂಬ ಅಂಕಣವಿತ್ತು. ಆರು ದಿನದ ಹಿಂದೆ ಅದರಲ್ಲಿ ಭಾವನ ಕೈಬರಹದಲ್ಲಿ ಒಂದು ಸಾಲು ಬರೆದು ಯಾರೋ ಅದರ ಮೇಲೆ ಅಡ್ಡಗೆರೆ ಎಳೆದಿದ್ದರು. ಗೆರೆಯ ಕೆಳಗಿನ ಅಕ್ಷರ ಓದಬಹುದಿತ್ತು: ನೀರು ಸತ್ತಂಗೈತೆ.

ಆ ಗೆರೆಯ ಮೇಲೆ ಬೆರಳಿಟ್ಟು, ಆರು ದಿನ ಒಂದೇ ನೀರಾ ಎಂದು ಕೇಳಿದೆ. ಸೂಪರ್‌ವೈಸರ್ ಪುಸ್ತಕವನ್ನು ತಮ್ಮ ಕಡೆ ತಿರುಗಿಸಿಕೊಂಡು ಒಂದು ಹಾಳೆ, ಎರಡು ಹಾಳೆ ಹಿಂದಕ್ಕೆ ಹೋದರು. ಆಮೇಲೆ ಬನ್ನಿ ಎಂದರು.

ಬಾಯ್ಲರಿನ ಕೋಣೆಯಲ್ಲಿ ಭಾವ ಸೌದೆಯ ರಾಶಿಯ ಪಕ್ಕ ನಿಂತಿದ್ದರು. ಬದುಕಿದ್ದರು. ನನ್ನನ್ನು ನೋಡಿ ಮೊದಲು ಅವರು ಕೇಳಿದ್ದು ಮಗಳಿಗೆ ಏನಾಯಿತು ಎಂದು. ಏನೂ ಆಗಿಲ್ಲ ಎಂದು ನಾನು ಗಾಜನ್ನು ನೋಡಿದೆ. ನೆಲ ಸಣ್ಣಗೆ ನಡುಗುತ್ತಿತ್ತು. ಆ ನಡುಕಕ್ಕೆ ಕಿಟಕಿಯ ಮೇಲಿಟ್ಟಿದ್ದ ಟೀ ಲೋಟದೊಳಗಿನ ಟೀ ಕೂಡ ಅಲುಗುತ್ತಿತ್ತು. ಗಾಜಿನ ನಳಿಕೆಯಲ್ಲಿ ನೀರು ಅರ್ಧಕ್ಕೆ ನಿಂತಿತ್ತು. ಅದು ಮಾತ್ರ ಅಲುಗುತ್ತಿರಲಿಲ್ಲ. ಅದರ ಮೇಲ್ಭಾಗದಲ್ಲಿ ಬೆಳ್ಳಗೆ ಒಂದು ಪೊರೆ ಕಟ್ಟಿತ್ತು. ಸಂತೆಯಲ್ಲಿ ಎರಡನೇ ದಿನದ ಮೀನನ್ನು ನೋಡಿದವರಿಗೆ ಬೇರೆ ಹೋಲಿಕೆ ಹೊಳೆಯುವುದಿಲ್ಲ.

ಇನ್‌ಸ್ಪೆಕ್ಟರ್ ಹೇಳಿದ್ದನ್ನು ನಾನು ಅದೇ ಕ್ರಮದಲ್ಲಿ ಹೇಳಿದೆ. ಬೆಂಕಿ ಎಳೆಯಬೇಕು, ನೀರು ಬಿಡಬಾರದು. ಭಾವನಿಗೆ ಎರಡನೇ ಸಲ ಹೇಳಬೇಕಾಗಲಿಲ್ಲ. ಬಾಯ್ಲರಿಗೆ ನೀರೆತ್ತುವ ಪಂಪು ತಾನಾಗಿಯೇ ಶುರುವಾಗಿ ನಿಲ್ಲುವಂಥದ್ದು. ದಿನಾ ಹತ್ತು ನಿಮಿಷಕ್ಕೊಂದು ಸಲ ಕೂಗುವುದು ಇವತ್ತು ಟೀ ಬಿಡುವಿನ ನಂತರ ಒಂದೇ ಸಲ ಕೂಗಿದೆ ಎಂದರು. ಅದನ್ನು ಕೇಳಿ ಸೂಪರ್‌ವೈಸರ್ ಪಂಪಿನ ಗುಂಡಿಯ ಕಡೆ ಕೈಚಾಚಿದರು. ಹೆದರಿದವರು ಮೊದಲು ಮಾಡುವುದು ಅದನ್ನೇ, ನೀರು ಕಡಿಮೆ ಎಂದರೆ ನೀರು ಬಿಡುವುದು. ಭಾವ ಅವರ ಮಣಿಕಟ್ಟು ಹಿಡಿದುಕೊಂಡರು.

"ಮುಟ್ಬ್ಯಾಡಿ ಸಾರ್. ಕಾದ ಎಂಚಿಗೆ ನೀರ್ ಉಯ್ದಂಗಾಯ್ತದೆ."

ಅದೂ ಉಪಮಾಲಂಕಾರವೇ. ಈ ಸಲ ಯಾರೂ ನಗಲಿಲ್ಲ, ಸೂಪರ್‌ವೈಸರ್ ಕೈ ಹಿಂದಕ್ಕೆ ತೆಗೆದುಕೊಂಡರು.

ಗಾಳಿ ಊದುವ ಬ್ಲೋವರ್ ನಿಲ್ಲಿಸಿದರು. ಒಲೆಯ ಬಾಗಿಲು ತೆರೆದು ಉದ್ದನೆಯ ಕಬ್ಬಿಣದ ಕೊಕ್ಕೆಯಿಂದ ಉರಿಯುವ ಸೌದೆಗಳನ್ನು ಒಂದೊಂದಾಗಿ ನೆಲಕ್ಕೆಳೆದರು. ಎಳೆದದ್ದನ್ನು ಬದಿಗೆ ತಳ್ಳಿ ಮಣ್ಣು ಮುಚ್ಚಿದರು. ಒಳಗಿದ್ದವರನ್ನೆಲ್ಲ ಹೊರಗೆ ಕಳಿಸಿ ಎಂದು ನಾನು ಸೂಪರ್‌ವೈಸರಿಗೆ ಹೇಳಿದ್ದು ನೆನಪಿದೆ. ಅವರು ಓಡಿದ್ದೂ ನೆನಪಿದೆ. ನಾನೂ ಹೊರಗೆ ಬಂದೆ. ಭಾವ ಬರಲಿಲ್ಲ. ಕೊನೆಯ ಸೌದೆ ಎಳೆಯುವವರೆಗೆ ಅವರು ಒಲೆಯ ಬಾಯಿಯ ಮುಂದೆಯೇ ಇದ್ದರು. ಅದು ಎಷ್ಟು ಹೊತ್ತು ಎಂದು ನಾನು ಗಡಿಯಾರ ನೋಡಲಿಲ್ಲ. ಎಲ್ಲದಕ್ಕೂ ಸಮಯ ಬರೆದಿಟ್ಟುಕೊಳ್ಳುವ ನನ್ನ ಬಳಿ ಅವತ್ತಿನ ಆ ಒಂದು ಸಮಯ ಇಲ್ಲ.

ಎದುರಿನ ಬೀದಿಯಲ್ಲಿ ನೂರಾರು ಕೆಲಸಗಾರರ ಜೊತೆ ನಿಂತಿದ್ದೆ. ಒದ್ದೆ ಕೈಗಳಿಗೆ ನೀಲಿ ಬಣ್ಣ ಹತ್ತಿದ್ದ ಹೆಂಗಸರು ಊಟದ ಡಬ್ಬಿ ಹಿಡಿದು ಹೊರಬಂದಿದ್ದರು. ಭಾವ ಗೇಟಿನಿಂದ ಹೊರಬಂದಾಗ ಅವರ ಹುಬ್ಬಿನ ಕೂದಲು ಸುಟ್ಟಿತ್ತು. ಬಂದವರು ಟೀ ಅಂಗಡಿಯ ಬೆಂಚಿನ ಮೇಲೆ ಕೂತು, ನಿಮ್ಮಕ್ಕನಿಗೆ ಹೇಳಬೇಡ ಎಂದರು.

ಮಾರನೆಯ ದಿನ ಮೆಕ್ಯಾನಿಕ್ ಬಂದು ಬಿಚ್ಚಿದ. ಪೀಣ್ಯದ ಟ್ಯಾಂಕರ್ ನೀರು ಎಂಥದ್ದು ಎಂದು ಅಲ್ಲಿ ಪಾತ್ರೆ ತೊಳೆದವರಿಗೆಲ್ಲ ಗೊತ್ತು. ಅಕ್ಕನ ಮನೆಯ ನೀರು ಕಾಯಿಸುವ ಹಂಡೆಯಲ್ಲಿ ಕಟ್ಟುವ ಸುಣ್ಣದ ಪದರವೇ ಗಾಜಿನ ಕೆಳಗಿನ ದಾರಿಯಲ್ಲಿ ಕಟ್ಟಿತ್ತು. ಪಂಪಿಗೆ ನೀರಿನ ಮಟ್ಟ ತಿಳಿಸುವ ತೇಲುಬುರುಡೆಯೂ ಅದರಲ್ಲೇ ಅರ್ಧ ಕಚ್ಚಿಕೊಂಡಿತ್ತು. ಮೇಲಿನ ಸಾಲಿನ ಕೊಳವೆಗಳು ಕಾದು ನೀಲಿಗಟ್ಟಿದ್ದವು. ಇನ್ನೆಷ್ಟು ಹೊತ್ತು ಇತ್ತು ಎಂದು ಕೇಳಿದೆ. ಹೇಳಕ್ಕಾಗಲ್ಲ ಸಾರ್ ಎಂದ. ಸರ್ಟಿಫಿಕೇಟ್ ಇದ್ದ ಬಾಯ್ಲರ್ ಅಟೆಂಡೆಂಟ್ ಎರಡು ತಿಂಗಳ ಹಿಂದೆಯೇ ಕೆಲಸ ಬಿಟ್ಟಿದ್ದು, ಅವನ ಸರ್ಟಿಫಿಕೇಟಿನ ಪ್ರತಿ ಮಾತ್ರ ಗೋಡೆಯ ಮೇಲೆ ಉಳಿದದ್ದು, ಭಾವ ಅನುಭವದ ಮೇಲೆ ನಡೆಸುತ್ತಿದ್ದದ್ದು ಆಮೇಲೆ ತಿಳಿಯಿತು. ನೀರು ಸತ್ತಿದೆ ಎಂದು ಇವರು ಹೇಳಿದಾಗ, ಕಥೆ ಬೇಡ, ಮಟ್ಟ ಎಷ್ಟಿದೆ ಅಷ್ಟು ಬರಿ ಎಂದಿದ್ದರು ಸೂಪರ್‌ವೈಸರ್. ನಮ್ಮ ಡೆಸ್ಕಿನ ಪದ್ಧತಿಯೂ ಹೆಚ್ಚು ಕಡಿಮೆ ಅದೇ.

ಆಗದ ಅಪಘಾತ ಸುದ್ದಿಯಲ್ಲ. ಅದು ಎಲ್ಲಿಯೂ ಅಚ್ಚಾಗಲಿಲ್ಲ. ಗಿರಣಿಯ ಸುದ್ದಿ ಅಚ್ಚಾಯಿತು, ತುಪ್ಪ ಬಿಟ್ಟು. ನಾನು ಹೊರಟ ಮೇಲೆ ಪಕ್ಕದವರು ಅದನ್ನು ಹೊಡೆದಿದ್ದರು.

ಮುಂದಿನ ಭಾನುವಾರ ಹುಡುಗಿಯ ನೋಟ್‌ಬುಕ್ಕಿನಲ್ಲಿ ನನ್ನ ಕೆಂಪು ಗೆರೆಯ ಪಕ್ಕ ‘ಸರಿ’ ಎಂದು ಬರೆದು ಸಹಿ ಹಾಕಿದೆ. ಯಾಕೆ ಮಾಮ, ನೀರು ಚಂಚಲ ಅಂದಿದ್ರಲ್ಲ ಎಂದಳು. ವಸ್ತುವನ್ನು ಇದ್ದ ಹಾಗೆಯೇ ಹೇಳುವುದಕ್ಕೂ ನಮ್ಮ ಹಳಬರು ಒಂದು ಹೆಸರಿಟ್ಟಿದ್ದಾರೆ, ಸ್ವಭಾವೋಕ್ತಿ, ಅದೂ ಒಂದು ಅಲಂಕಾರವೇ ಎಂದೆ. ಪರೀಕ್ಷೆಗೆ ಬರುತ್ತದಾ ಎಂದು ಕೇಳಿದಳು. ಬರುವುದಿಲ್ಲ ಎಂದೆ. ಬರೆದುಕೊಳ್ಳಲಿಲ್ಲ. ಅವಳ ಅಪ್ಪನಿಗೆ ಏನಾಗುವುದರಲ್ಲಿತ್ತು ಎಂದು ಅವಳಿಗೆ ಹೇಳಿಲ್ಲ.

ಮುಗಿಲು ಮುಟ್ಟಿದ ಆಕ್ರಂದನವನ್ನು ನಾನು ಈಗಲೂ ಹೊಡೆಯುತ್ತೇನೆ. ಆದರೆ ಸ್ಥಳದಲ್ಲಿದ್ದವರ ಬಾಯಿಂದ ಬಂದ ಹೋಲಿಕೆ ಕಂಡರೆ ವರದಿಗಾರರಿಗೆ ಫೋನ್ ಮಾಡಿ, ಯಾವ ವಿಷಯದಲ್ಲಿ ಹಾಗೆ ಎಂದು ಕೇಳುತ್ತೇನೆ. ಅವರು ಬೇಸರಪಟ್ಟುಕೊಳ್ಳುತ್ತಾರೆ.

ಬಾಯ್ಲರ್ ದುರಸ್ತಿಯಾಯಿತು. ಭಾವ ಅಲ್ಲೇ ಕೆಲಸ ಮಾಡುತ್ತಿದ್ದಾರೆ. ಬೇರೆ ಕಡೆ ಹೋಗಿ ಎಂದರೆ, ಬೇರೆ ಕಡೆ ಇರುವುದೂ ಬಾಯ್ಲರೇ ಅಲ್ಲವೇನೋ ಎನ್ನುತ್ತಾರೆ. ನಮ್ಮಿಬ್ಬರ ನಡುವೆ ಒಂದು ಒಪ್ಪಂದವಾಗಿದೆ. ಎರಡು ಗಂಟೆಗೆ ಪಾಳಿ ಮುಗಿದು ಲಾಕರಿನಿಂದ ಫೋನ್ ತೆಗೆದ ಕೂಡಲೇ ಅವರು ನನಗೆ ಒಂದು ಪದ ಕಳಿಸುತ್ತಾರೆ: ಆಡ್ತೈತೆ. ಆರರಿಂದ ಎರಡರವರೆಗೆ ಏನೂ ತಿಳಿಯುವುದಿಲ್ಲ. ನಾನು ಕೆಲಸ ಮಾಡುತ್ತಿರುತ್ತೇನೆ. ಎಲ್ಲಿಯದೋ ಬೆಂಕಿ, ಸ್ಫೋಟ ಎಂಬ ಶೀರ್ಷಿಕೆ ಪರದೆಗೆ ಬಂದರೆ ಮೊದಲು ಊರಿನ ಹೆಸರು ನೋಡುತ್ತೇನೆ.

ನಿನ್ನೆ ಎರಡು ಹತ್ತಾದರೂ ಬರಲಿಲ್ಲ. ಎರಡು ಇಪ್ಪತ್ತಕ್ಕೂ ಇಲ್ಲ. ಫೋನ್ ಮಾಡಿದೆ, ಬಡಿದುಕೊಂಡು ನಿಂತಿತು. ಎದ್ದು ಬ್ಯಾಗು ಹೆಗಲಿಗೆ ಹಾಕಿಕೊಂಡೆ. ಲಿಫ್ಟಿನ ಮುಂದೆ ನಿಂತಿದ್ದಾಗ, ಎರಡು ಇಪ್ಪತ್ತಾರಕ್ಕೆ ಬಂತು. ಆಡ್ತೈತೆ. ಲಾಕರ್ ಕೀ ಸಿಕ್ಕಿರಲಿಲ್ಲವಂತೆ.